ತೋಟದ ದಾರಿಗೆ ಮಾತ್ರ

ಎ.ಸಿ.ಯ ನೀರು ಮತ್ತೆ ತೊಟ್ಟಿಕ್ಕುತ್ತಿದೆ, ಕೆಳಗಿಟ್ಟ ಕತ್ತರಿಸಿದ ಕ್ಯಾನಿನೊಳಗೆ ಟಪ್, ಮುಂದಿನದು ಕ್ಯಾನಿನ ಹೊರಗೆ, ನರ್ಸ್ ರೆಜಿನಾಳ ಬಿಳಿ ಶೂವಿನ ಮೇಲೆ, ಕುರ್ಚಿ ಸರಿಸೋಣವೆಂದರೆ ಅದನ್ನು ಪಕ್ಕದ ಮೂರು ಕುರ್ಚಿಗಳ ಜೊತೆ ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದಿದ್ದಾರೆ, ಒಬ್ಬಳು ಸರಿಯಬೇಕಾದರೆ ನಾಲ್ವರೂ ಸರಿಯಬೇಕು — ಹೇಳಿ ಸಿಸ್ಟರ್, ಕಾರಣ ಎಂತ ಬರೀಲಿ, ಎನ್ನುತ್ತಿದ್ದಾನೆ ಟೈಪಿಂಗ್ ಸೆಂಟರಿನ ಅಬ್ದುಲ್ ರವೂಫ್, ಪುತ್ತೂರಿನವನು, ಅರಬ್ಬಿಯಲ್ಲಿ ಅರ್ಜಿ ಹೊಡೆಯುವುದರಲ್ಲಿ ಈ ಮರಳೂರಿಗೆಲ್ಲ ಇವನೇ ಗತಿ, ಅಷ್ಟು ಸ್ಪೀಡ್ ಎಂತಕ್ಕೆ ಹೋದದ್ದು ಅಂತ ಟ್ರಾಫಿಕ್ ಪೊಲೀಸರು ಮೊದಲು ಕೇಳುವುದೇ ಅದು. ಕಾರಣ. ಅವಳಿಗೇನು ಗೊತ್ತು ಕಾರಣ, ಎಂಬತ್ತು ದಾಟಿದರೆ ಅಂಗೈ ಬೆವರುವವಳು, ನೀರಿನ ಟ್ಯಾಂಕರಿನವನೂ ಹಾರ್ನ್ ಹೊಡೆದು ಬೈದು ಮುಂದೆ ಹೋಗುವಷ್ಟು ನಿಧಾನದವಳು, ದುಬೈ ಹೆದ್ದಾರಿಯಲ್ಲಿ ನೂರ ಎಪ್ಪತ್ತರಲ್ಲಿ ಹಾರಿದಳಂತೆ, ಮತ್ತೆ ಮತ್ತೆ ಹಾರಿದಳಂತೆ, ತಪ್ಪಿಗಿಷ್ಟೆಂದು ಬೀಳುವ ಬ್ಲ್ಯಾಕ್ ಪಾಯಿಂಟು ತುಂಬಿ ಲೈಸನ್ಸು ಹೋಯಿತು. ಕಾರು ಅವಳ ಹೆಸರಿನದು, ಹಾರಿಸಿದವನು ಶೆಲ್ಡನ್, ಸ್ವಂತ ತಮ್ಮ, ದುಬೈಯ ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿದ್ದು ಬ್ರೆಡ್ ಕಂಪನಿಯ ವ್ಯಾನ್ ಓಡಿಸುತ್ತಾನೆ — ಅಕ್ಕಾ, ನಿನಗೆ ಅಲ್ಲಿ ಕ್ಲಿನಿಕ್ಕಿನ ಕಾರುಂಟಲ್ಲ, ನಿನ್ನದು ಬಿಸಿಲಿನಲ್ಲಿ ಕೊಳೆಯುವುದು ಎಂತಕ್ಕೆ, ಇಲ್ಲಿ ಕೊಡು — ಕೊಟ್ಟಳು, ಆಮೇಲೆ ರೇಡಾರಿನ ಮೆಸೇಜು ಬಂದಾಗ, ಚರ್ಚಿನ ಕ್ವಾಯರಿಗೆ ತಡವಾಗಿತ್ತು ಅಕ್ಕಾ, ದೇವರ ಕೆಲಸಕ್ಕೇ ಹೋದದ್ದಲ್ಲವಾ, ನಿನ್ನ ಲೈಸನ್ಸ್ ಖಾಲಿಯೇ ಉಂಟು, ಒಂದು ಪಾಯಿಂಟೂ ಇಲ್ಲ, ಅದನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕ್ತೀಯಾ, ನನ್ನದರ ಮೇಲೆ ಬಿದ್ದರೆ ಕಂಪನಿ ಖಲಾಸ್ ಮಾಡ್ತದೆ. ಎಲ್ಲರೂ ಮಾಡುವುದೇ ಅಲ್ಲವೇ, ಸ್ಟೇರಿಂಗ್ ಮುಟ್ಟದ ಹೆಂಡತಿಯ ಲೈಸನ್ಸಿಗೆ ಗಂಡನ ಪಾಯಿಂಟು, ಅತ್ತಿಗೆಯದಕ್ಕೆ ಮೈದುನನದು, ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಚಹಾ ಕುಡಿಯುತ್ತ ಕೇಳುವುದು, ನಿಮ್ಮದರಲ್ಲಿ ಸ್ವಲ್ಪ ಜಾಗ ಉಂಟಾ ಬಾಯಮ್ಮ, ಸಕ್ಕರೆ ಕಡ ಕೇಳಿದ ಹಾಗೆ, ಅವಳೂ ಸಕ್ಕರೆಯೆಂದೇ ಕೊಟ್ಟಳು, ಕೊಟ್ಟು ರಾತ್ರಿಯೆಲ್ಲ ಹೊರಳಾಡಿದಳು, ಮತ್ತೆ ಕೇಳಿದಾಗ ಮತ್ತೆ ಕೊಟ್ಟಳು, ಬುದ್ಧಿ ಇಲ್ಲದವಳು, ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ತೆಗೆದುಕೊಂಡಿದ್ದಾಳಂತೆ, ಏನು ಓದಿದಳೋ.

ಕ್ಲಿನಿಕ್ಕಿನಿಂದ ತೋಟಗಳಿಗೆ, ತೋಟಗಳಿಂದ ಕ್ಲಿನಿಕ್ಕಿಗೆ, ಹಗಲು ಮಾತ್ರ, ಡ್ಯೂಟಿಗೆ ಮಾತ್ರ ಕಾರು ಓಡಿಸಲು ಬಿಡಬೇಕು, ಎಂದು ರವೂಫ್ ಓದಿ ಹೇಳುತ್ತಾನೆ, ಇಂಥ ಪರ್ಮಿಷನ್ ಒಂದು ಉಂಟೋ ಇಲ್ಲವೋ ನನಗೆ ಖಾತ್ರಿ ಇಲ್ಲ ಸಿಸ್ಟರ್, ಕೇಳುವುದಕ್ಕೆ ಎಂತ, ಅಲ್ಲಿಯ ದೊಡ್ಡ ಆಫೀಸರ್, ಮುದೀರ್, ಒಳ್ಳೆಯ ಮನುಷ್ಯ, ಮನಸ್ಸು ಬಂದರೆ ಕೊಟ್ಟಾರು — ಉಂಟೋ ಇಲ್ಲವೋ ತಿಳಿಯದ್ದಕ್ಕೆ ಮೂರನೆಯ ಸಲ ಇಲ್ಲಿ ಬಂದು ಕೂತದ್ದು, ಒಮ್ಮೆ ಕ್ಲಿನಿಕ್ಕಿನ ಪತ್ರಕ್ಕೆ ಸೀಲಿಲ್ಲ, ಒಮ್ಮೆ ಸೀಲಿತ್ತು, ಆದರೆ ನೀಲಿ ಬೇಕಿತ್ತು ಕಪ್ಪಾಗಿತ್ತು, ಕ್ಲಿನಿಕ್ಕಿನ ಮ್ಯಾನೇಜರ್ ಶ್ರೀಕಂಠಯ್ಯನವರು ಸೀಲೊತ್ತುತ್ತ ಹೇಳಿದ್ದು, ಅಲ್ಲಮ್ಮ, ಕಾರು ಓಡಿಸದ ಹೋಮ್ ನರ್ಸನ್ನ ಇಟ್ಕೊಂಡು ನಾನೇನ್ ಮಾಡ್ಲಿ, ಒಂಟೆ ಕೊಡಿಸ್ಲಾ, ಈ ತಿಂಗಳೊಳಗೆ ಏನಾದ್ರೂ ಮಾಡಿ, ಇಲ್ದಿದ್ರೆ ವೀಸಾ ಕ್ಯಾನ್ಸಲ್ಲಿಗೆ ಹಾಕ್ಬೇಕಾಗತ್ತೆ. ಇರುವ ಒಬ್ಬ ಡ್ರೈವರ್ ರಕ್ತದ ಸ್ಯಾಂಪಲ್ ಹಿಡಿದು ಅಬುಧಾಬಿಗೆ ಹೋಗಿಬರುವಾಗಲೇ ಹೊತ್ತು ಮುಳುಗುತ್ತದೆ, ಬಸ್ಸು ಡಾಂಬರು ಬಿಟ್ಟು ಇಳಿಯುವುದಿಲ್ಲ, ರೋಗಿಗಳ ಮನೆಯಿರುವ ತೋಟಗಳು ಮರಳುದಿಬ್ಬಗಳ ಆಚೆ, ಅಲ್ಲಿ ಉಮ್ಮ್ ಸಯೀದ್ ಎಂಬ ಮುದುಕಿ, ಸಕ್ಕರೆ ಕಾಯಿಲೆಯ ಹುಣ್ಣು ಹಿಮ್ಮಡಿಯಲ್ಲಿ, ಗೇಟಿನಲ್ಲಿ ಕಾರಿನ ಸದ್ದು ಕೇಳಿದರೆ ಸಾಕು, ನರ್ಸಿಗೆ ಕೆಲಸ ಹಗುರವಾಗಲೆಂದು ತಾನೇ ಬ್ಯಾಂಡೇಜು ಬಿಚ್ಚಿ, ಕಾಲನ್ನು ಕೆಂಪು ದಿಂಬಿನ ಮೇಲಿಟ್ಟು ಕೂರುವವಳು, ಇಲ್ಲಿ ಅಮ್ಮನಿಗೆ ಮಾಮಾ ಅನ್ನುವುದು, ಎಷ್ಟು ಸಲ ಹೇಳಿದ್ದು, ಮಾಮಾ, ನಾನು ಬಂದ ಮೇಲೆ ಬಿಚ್ಚು, ಕೇಳಿದರೆ ತಾನೆ. ನಿನ್ನೆ ಅಲ್ಲಿಯ ಕೆಲಸದ ಹುಡುಗಿ ಫೋನಿನಲ್ಲಿ ಅಳುತ್ತಿದ್ದಳು, ಸಿಸ್ಟರ್, ವಾಟರ್ ಟ್ಯಾಂಕರ್ ಕಮಿಂಗ್, ಮಾಮಾ ಓಪನ್, ಗ್ರಾಸ್ ಪಿಕಪ್ ಕಮಿಂಗ್, ಮಾಮಾ ಓಪನ್, ಯೂ ನೋ ಕಮಿಂಗ್. ದಿಂಬಿನ ಮೇಲೆ ಆ ಕಾಲು, ಬಿಚ್ಚಿದ ಕಾಲು, ಟ್ಯಾಂಕರಿಗಾಗಿ ಬಿಚ್ಚಿದ್ದು, ಪಿಕಪ್ಪಿಗಾಗಿ ಬಿಚ್ಚಿದ್ದು.

ಫೋನ್ ನಡುಗುತ್ತಿದೆ, ಶೆಲ್ಡನ್, ಬರೆದಾಯ್ತಾ ಅಕ್ಕಾ, ಹೇಗಾದರೂ ಬರಿ, ನನ್ನ ಹೆಸರು ಮಾತ್ರ ತರಬೇಡ, ಒಲಿವಿಯಾಳ ವೀಸಾ ಈಗಷ್ಟೇ ಆದದ್ದು, ಹೆಂಡತಿಯನ್ನು ಕರೆಸಿಕೊಳ್ಳುವುದು ಬೇಡವಾ, ನಿನಗಾದರೆ ನರ್ಸ್ ಕೆಲಸ ಎಲ್ಲಿಯೂ ಸಿಗ್ತದೆ — ಸಿಗುತ್ತದೆ, ಬೇರೆಯವರಿಗೆ ಎಲ್ಲವೂ ಎಲ್ಲಿಯೂ ಸಿಗುತ್ತದೆ ಎಂದು ಇವನೊಬ್ಬನಿಗೆ ಗೊತ್ತು — ಫೋನ್ ಇಟ್ಟಳು. ರವೂಫ್ ಕತ್ತೆತ್ತಿದ, ಪೇಶೆಂಟಿಗೆ ಅರ್ಜೆಂಟಿತ್ತು, ಅದಕ್ಕೇ ಓಡಿಸಿದ್ದು ಅಂತ ಹಾಕಲಾ, ಅದು ಒಳ್ಳೆಯದು ಸಿಸ್ಟರ್, ಎಲ್ಲರೂ ಅದನ್ನೇ ಹಾಕಿಸುವುದು. ಹಾಕಿದರೆ, ನೂರ ಎಪ್ಪತ್ತರಲ್ಲಿ ಹಾರುವ ಹೆಂಗಸಿಗೆ ಯಾವ ಮುದೀರ್ ಒಂಟೆಗಳು ಅಡ್ಡ ಬರುವ ದಾರಿಯ ಪರ್ಮಿಷನ್ ಕೊಡುತ್ತಾನೆ, ತಾನಾದರೆ ಕೊಡುತ್ತಿದ್ದಳೇ, ಕೊಡುತ್ತಿರಲಿಲ್ಲ. ಹಾಕದೆ ನಿಜ ಹೇಳಿದರೆ, ಇದುವರೆಗೆ ನಾನೇ ನಾನೇ ಎಂದು ಒಪ್ಪಿಕೊಂಡದ್ದೆಲ್ಲ ಸುಳ್ಳೆಂದು ಅವಳನ್ನೇ ಕೂರಿಸಿ ಕೇಳಿಯಾರು, ಕೇಳಲಿ, ಕೇಳಬೇಕಾದದ್ದೇ, ಅಮ್ಮನಿಗೆ ಏನು ಹೇಳುವುದು, ಒಂದೇ ತಟ್ಟೆಯಲ್ಲಿ ಉಂಡವರು ನೀವು ಎಂದು ಶುರುಮಾಡುತ್ತಾಳೆ, ಹೊರಗೆ ಯಾವುದೋ ಗಾಡಿ ಬಂದು ನಿಂತ ಸದ್ದು — ಗಾಡಿ ನಡೆಸಿದ್ದು ನಾನಲ್ಲ ರವೂಫಣ್ಣ. ಅವನ ಬೆರಳು ನಿಂತವು. ಮತ್ತೆ ಯಾರು. ನನ್ನ ತಮ್ಮ. ಸಿಸ್ಟರ್, ಹೆಸರು ಒಮ್ಮೆ ಒಳಗೆ ಹೋದರೆ ವಾಪಸು ತೆಗೆಯಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ, ಆಲೋಚನೆ ಮಾಡಿ, ಬೇಕಾದರೆ ನಾಳೆ ಬನ್ನಿ. ನಾಳೆ. ನಾಳೆ ಟ್ಯಾಂಕರ್ ಬರುತ್ತದೆ. ಶೆಲ್ಡನ್ ಎಂದಳು, ಇನ್ನೊಮ್ಮೆ ಸ್ಪಷ್ಟವಾಗಿ ಶೆಲ್ಡನ್ ಎಂದಳು, ಬೆರಳು ಚಲಿಸಿದವು, ಬಲದಿಂದ ಎಡಕ್ಕೆ ಓಡುತ್ತಿದ್ದ ಅಕ್ಷರಗಳಲ್ಲಿ ತಮ್ಮನ ಹೆಸರು ಯಾವುದೆಂದು ಅವಳಿಗೆ ತಿಳಿಯಲಿಲ್ಲ, ತಿಳಿಯಲು ನೋಡಬೇಕಿತ್ತು, ನೋಡಿದರೆ ಕಾಣುವುದು ಕೆಂಪು ದಿಂಬು, ದಿಂಬಿನ ಮೇಲೆ ಕಾಲು, ಬಿಚ್ಚಿದ ಕಾಲು, ಗೇಟಿನ ಕಡೆಗೆ.