ಉತ್ತರ ಮುಗಿಯುವ ಮೊದಲು

ಎಳ್ಳಮಾಸಿಯ ಅಮಾವಾಸ್ಯೆಯೊಳಗೆ ಒಂದು ಕೀಲನ್ನಾದರೂ ನಾನೇ ಕೂಡಿಸಬೇಕು, ಇಲ್ಲವಾದರೆ ಮುದ್ದೇಬಿಹಾಳದ ಬಸ್ಸು ಹತ್ತಿ ಮನೆಗೆ ಮರಳಬೇಕು. ಎಲುಬು ಕೂಡಿಸುವ ಖಂಡೆಪ್ಪಜ್ಜ ನನಗೆ ಹಾಕಿದ ಕರಾರು ಇಷ್ಟೇ. ನಾನು ತಾಂಬಾಕ್ಕೆ ಬಂದು ಮೂರು ತಿಂಗಳಾಗಿತ್ತು. ಎಪ್ಪತ್ತನಾಲ್ಕನೆಯ ಇಸವಿ ಮುಗಿಯುತ್ತ ಬಂದಿತ್ತು.

ಅದಕ್ಕೂ ಹಿಂದಿನ ವರ್ಷ ಮೆಡಿಕಲ್ ಸೀಟಿನ ಸಂದರ್ಶನದಲ್ಲಿ, ಡಾಕ್ಟರ್ ಯಾಕಾಗಬೇಕು ಎಂದು ಕೇಳಿದ್ದರು. ಜನಸೇವೆಗೆ ಎಂದಿದ್ದೆ. ಮೇಜಿನಾಚೆ ಕುಳಿತಿದ್ದ ಮೂವರೂ ನಕ್ಕು ಮುಂದಿನವನನ್ನು ಕರೆದರು. ನಿಜ ಹೇಳಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರೇನೋ.

ನಿಜವೆಂದರೆ, ಹತ್ತು ವರ್ಷದವನಿದ್ದಾಗ ನನ್ನ ಭುಜದ ಎಲುಬು ಮುರಿದಿತ್ತು. ಅಪ್ಪ, ನಾರಾಯಣ ಮಾಸ್ತರರು, ನನ್ನನ್ನು ತಾಂಬಾಕ್ಕೆ ಕರೆತಂದರು. ಖಂಡೆಪ್ಪಜ್ಜ ಎಣ್ಣೆಗೈಯನ್ನು ನನ್ನ ಹೆಗಲ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಅಷ್ಟು ಹೊತ್ತು ಮುಟ್ಟುತ್ತಿರಲಿಲ್ಲ. ಅವ್ವ ಮಡಿಯಲ್ಲಿದ್ದಾಗ ದೂರ ನಿಲ್ಲಬೇಕು; ಮಡಿ ಬಿಟ್ಟಾಗ ಅವಳು ದಣಿದು ಮಲಗಿರುತ್ತಿದ್ದಳು. ಅಪ್ಪನ ಕೈಯಲ್ಲಿ ಯಾವಾಗಲೂ ಛಡಿ ಇರುತ್ತಿತ್ತು. ಆ ಎಣ್ಣೆಗೈ ನನ್ನ ಕೈಯಾಗಬೇಕು ಎಂದು ಅಂದೇ ಅನಿಸಿತ್ತು. ಇದನ್ನು ಯಾವ ಅರ್ಜಿಯಲ್ಲಿ ಬರೆಯುವುದು?

ತಾಂಬಾದಲ್ಲಿ ಹನುಮಂತದೇವರ ಗುಡಿಯ ಪಕ್ಕದ ಕೋಣೆಯಲ್ಲಿರುತ್ತಿದ್ದೆ. ನನ್ನ ಅನ್ನ ನಾನೇ ಬೇಯಿಸಿಕೊಳ್ಳುತ್ತಿದ್ದೆ. ಮಾಸ್ತರ ಮಗ, ಬ್ರಾಹ್ಮಣರವನು ಎಂದು ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. ಅದು ಅವರು ನನಗೆ ತೋರಿಸುತ್ತಿದ್ದ ಮರ್ಯಾದೆ. ಆ ಮರ್ಯಾದೆಯ ನಡುವೆ ದಿನಗಟ್ಟಲೆ ಮಾತಿಲ್ಲದೆ ಇರುತ್ತಿದ್ದೆ.

ಅಜ್ಜನ ಕೆಲಸದ ಗುಟ್ಟು ಕೈಯಲ್ಲಷ್ಟೇ ಇರಲಿಲ್ಲ. ಜಾರಿದ ಕೀಲಿನವರು ಮೈಯೆಲ್ಲ ಬಿಗಿಹಿಡಿದು ಕುಳಿತಿರುತ್ತಾರೆ. ಆಗ ಎಳೆದರೆ ಕೀಲು ಬರುವುದಿಲ್ಲ. ಅದಕ್ಕೆ ಅಜ್ಜ ಒಂದು ಪ್ರಶ್ನೆ ಕೇಳುತ್ತಿದ್ದ. ಉತ್ತರ ಬಾಯಲ್ಲಿ ಸಿದ್ಧವಿರಬಾರದು, ಹುಡುಕಬೇಕಾದ ಪ್ರಶ್ನೆಯಾಗಿರಬೇಕು. ಮನುಷ್ಯ ಉತ್ತರ ಹುಡುಕಲು ಒಳಗೆ ಹೋದಾಗ ಮೈ ಸಡಿಲಾಗುತ್ತದೆ. ಅಜ್ಜ ಆಗಲೇ ಎಳೆಯುತ್ತಿದ್ದ.

ಅಮಾವಾಸ್ಯೆಗೆ ಎಂಟು ದಿನವಿದ್ದಾಗ ಬಸವನ ಬಾಗೇವಾಡಿ ಕಡೆಯ ಗುಂಡವ್ವ ಬಂದಳು. ಅರವತ್ತರ ಹೆಂಗಸು. ಮೇವಿನ ಹೊರೆ ಹೊತ್ತು ಬಿದ್ದು ಹೆಗಲ ಕೀಲು ಜಾರಿತ್ತು. "ಇದು ನಿಂದು," ಎಂದು ಅಜ್ಜ ಗೋಡೆಗೆ ಒರಗಿದ. ನಾನು ಅವಳ ಕಂಕುಳಿಗೆ ಹಿಮ್ಮಡಿ ಕೊಟ್ಟು ಮುಂಗೈ ಹಿಡಿದೆ.

"ನಿಮ್ಮ ತವರುಮನಿ ಬಾಗಲಾ ಯಾವ ದಿಕ್ಕಿಗೆ ಅದರೀ?"

"ತಾಳಿಕೋಟಿ ಅಪಾ ನಮ್ದು. ಬಾಗಲಾ... ಮೂಡಕ್ಕಿತ್ತು. ಈಗಿಲ್ಲ. ನಮ್ಮಪ್ಪ ಸತ್ತಿಂದ ತಂಗಿ ನಡುವ ಗ್ವಾಡಿ ಎಬ್ಬಿಸಿದ್ಲು. ನಾ ಹ್ವಾದ್ರ ಗ್ವಾಡಿ ಆಚಿಂದನ ಮಾತಾಡತಾಳ. ಹನ್ನೊಂದ ವರ್ಷ ಆತು, ಮಾರಿ ನೋಡಿಲ್ಲ. ಕೆಮ್ಮಿದ್ದ ಕೇಳತೈತಿ. ಆಕಿ ಕೆಮ್ಮಿದ್ರ ಈಚಿಂದ ನಾ ಕೆಮ್ಮತೇನಿ."

ನಾನು ಕೇಳುತ್ತ ಕುಳಿತುಬಿಟ್ಟೆ. ಗೋಡೆಯ ಎರಡೂ ಬದಿಗೆ ಇಬ್ಬರು ಮುದುಕಿಯರು ಕೆಮ್ಮುವುದನ್ನು. ಅವಳ ಕೈ ನನ್ನ ಕೈಯಲ್ಲಿ ಬೆಚ್ಚಗಿತ್ತು. ಯಾವಾಗಲೋ ಅವಳು ಸುಮ್ಮನಾದಳು.

"ನಂದು ಮುಗೀತಪಾ ತಮ್ಮಾ. ಎಳಿಯಾವ ಇದ್ದೀಯೋ ಏನ್ ಇನ್ನೊಂದ ಕತಿ ಹೇಳಲೋ?"

ಅಜ್ಜ ನನ್ನನ್ನು ಸರಿಸಿ ಕುಳಿತ. "ಗುಂಡವ್ವ, ಗ್ವಾಡಿ ಕಟ್ಟಿದ ದಿನ ನಿನ್ನ ತಂಗಿ ಯಾವ ಬಣ್ಣದ ಸೀರಿ ಉಟ್ಟಿದ್ಲು?"

"ಹಸರ..." ಎಂದು ಅವಳು ಕಣ್ಣು ಮೇಲೆತ್ತಿದಳು. ಟಕ್ ಎಂದಿತು. ಆಮೇಲೆ ಅವಳು ಅಜ್ಜನ ಏಳು ತಲೆಮಾರನ್ನು ಬೈದಳು. ಅಜ್ಜ ನಗುತ್ತ ಕಟ್ಟು ಕಟ್ಟಿದ.

ಅವಳು ಹೋದ ಮೇಲೆ ಅಜ್ಜ ಎಂದ: "ನೀ ಎಲುಬು ಕೂಡಸಾಕ ಬಂದಿಯೋ, ಪುರಾಣ ಕೇಳಾಕ ಬಂದಿಯೋ?"

"ತಪ್ಪಾತ್ರಿ ಅಜ್ಜಾರ."

"ಕೈ ಚಲೋ ಅದಾವ ನಿನ್ನವು. ಆದ್ರ ನಿನಗ ಎಲುಬು ಬೇಕಾಗಿಲ್ಲೋ ಮಾರಾಯಾ. ಮಂದಿ ಬೇಕಾಗ್ಯಾರ."

ನನ್ನನ್ನು ಬೆತ್ತಲೆ ನಿಲ್ಲಿಸಿದಂತಾಗಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಸಿಂದಗಿಯಿಂದ ಟಾಂಗಾ ಹೊಡೆಯುವ ಜೈನುದ್ದೀನ ಬಂದ. ಕುದುರೆ ಬೆದರಿ ಕೆಡವಿತ್ತು. ಅದೇ ಹೆಗಲು, ಅದೇ ಕೀಲು. ಅಜ್ಜ ಎಣ್ಣೆಯ ಬಟ್ಟಲನ್ನು ನನ್ನ ಕಡೆ ತಳ್ಳಿದ.

ನಾನು ಹಿಮ್ಮಡಿ ಕೊಟ್ಟು ಕುಳಿತೆ. "ಕಡೀ ಸಲ ಯಾರ ಮ್ಯಾಲ ಸಿಟ್ಟಿಗೆದ್ದಿದ್ರಿ?"

"ಮಗಳ ಮ್ಯಾಲ್ರಿ. ನಜಮಾ ಅಂತ. ಆಕಿ ಒಂದಿನ..."

ಮುಂದಿನದನ್ನು ನಾನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮುಂಗೈಯನ್ನಷ್ಟೇ ಕೇಳಿದೆ. ಅವನ ದನಿ ದೂರದ ಬಸ್ಸಿನ ಸದ್ದಿನಂತೆ ಸಾಗಿತ್ತು. ಏರಿತು, ಒಡೆಯಿತು, ಮತ್ತೆ ಏರಿತು. ನನ್ನ ಬೆರಳ ಕೆಳಗೆ ರಟ್ಟೆಯ ಮಾಂಸ ನಿಧಾನವಾಗಿ ಬಿಗಿ ಬಿಡುತ್ತಿತ್ತು. ಇನ್ನೂ ಇಲ್ಲ. ಇನ್ನೂ ಇಲ್ಲ. ಈಗ.

ಟಕ್ ಎಂದದ್ದು ನನ್ನ ಎದೆಯವರೆಗೂ ಬಂತು.

ಅವನು ಕಿರುಚಿದ. ಆಮೇಲೆ ಕೈಯನ್ನು ಮೆಲ್ಲಗೆ ಎತ್ತಿ ನೋಡಿ, ಕಣ್ಣೊರೆಸಿಕೊಂಡ. ನಾನು ಪಟ್ಟಿ ಸುತ್ತಿದೆ. ಎದ್ದು ನಿಂತವನು ಬಾಗಿಲಲ್ಲಿ ತಿರುಗಿದ.

"ನೀವ ಹೇಳ್ರಿ ಡಾಕ್ಟರಸಾಬ. ನಾ ಮಾಡಿದ್ದು ಬರೋಬರಿ ಐತಿಲ್ರಿ?"

ಬದುಕಿನಲ್ಲಿ ಮೊದಲ ಸಲ ಯಾರೋ ನನ್ನನ್ನು ಹಾಗೆ ಕರೆದಿದ್ದರು. ಅವನು ಏನು ಮಾಡಿದ್ದನೆಂದು ನನಗೆ ತಿಳಿದಿರಲಿಲ್ಲ.

"ಬರೋಬರಿ ಅದರೀ," ಎಂದೆ.

"ಯಾರ ಮುಂದೂ ಬಾಯಿ ಬಿಟ್ಟಿರಲಿಲ್ರಿ ಇಷ್ಟ ದಿನ. ಮನಸ್ಸ ಹಗರಾತು." ಅವನು ಒಳ್ಳೆಯ ಕೈಯನ್ನು ಎದೆಗೊತ್ತಿ, ತಲೆಬಾಗಿ ಹೊರಟುಹೋದ.

ಅಜ್ಜ ಎಲೆಯಡಿಕೆಯ ಚೀಲ ಬಿಚ್ಚಿದ. "ನಾಳೆ ಅಮಾಸಿ. ನಾಡಿದ್ದಿಂದ ಬಂದವರ್ನ ನೀನ ನೋಡು. ನಾ ಕುಂತಿರತೇನಿ."

ಇದಕ್ಕಾಗಿಯೇ ಮೂರು ತಿಂಗಳು ಕಾದಿದ್ದೆ. ನನ್ನ ಅಂಗೈಯಲ್ಲಿ ಇನ್ನೂ ಎಣ್ಣೆಯಿತ್ತು.

"ಅಜ್ಜಾರ, ಆ ಟಾಂಗಾದವರು ಮಗಳಿಗೆ ಏನ್ ಮಾಡಿದ್ರಂತ್ರಿ?"

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯೆತ್ತಲಿಲ್ಲ.

"ಯಾರಿಗೆ ಗೊತ್ತೋ. ನಾ ನಿನ್ನ ಕೈ ನೋಡಾಕತ್ತಿದ್ದೆ."