ಎರಡನೇ ಪುಟದ ಆಲಿಕಲ್ಲು

ಎರಡು ವರ್ಷದಿಂದ ಬಿಸಿಲಮ್ಮ ಆಫೀಸಿನಲ್ಲಿ ಪೆನ್ಸಿಲ್ ಮುಟ್ಟಿಲ್ಲ. ವಿಮಾನ ನಿಲ್ದಾಣದ ಹವಾಮಾನ ಕೋಣೆಯಲ್ಲಿ ದಿನದ ಮುನ್ಸೂಚನೆಯನ್ನು ಪೆನ್ಸಿಲ್‌ನಲ್ಲಿ ಬರೆದು, ಕೆಳಗೆ ಇಂಕಿನಲ್ಲಿ ಸಹಿ ಹಾಕುವುದು ಹಳೇ ರೂಢಿ. ಇವಳೊಬ್ಬಳದು ಮಾತ್ರ ಮೊದಲಿಂದ ಕೊನೆತನಕ ಇಂಕು. ಯಾಕಮ್ಮಾ ಅಂತ ಸಾಹೇಬರು ಒಂದು ದಿನವೂ ಕೇಳಿಲ್ಲ. ಕೇಳೋಕೆ ಮುಖ ಬೇಕಲ್ಲ.

ಬಿಸಿಲಮ್ಮ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸು ಕೊಟ್ಟ ಬಿರುದು. ಎರಡು ಬೇಸಿಗೆ ಹಿಂದೆ ಅವಳು 'ಬೆಳಿಗ್ಗೆ ಬಿಸಿಲು, ಮೂರರ ನಂತರ ಗುಡುಗು, ಬಿರುಗಾಳಿ' ಅಂತ ಬರೆದು, ಸಹಿ ಹಾಕಿ ಊಟಕ್ಕೆ ಎದ್ದಳು. ದಿನಾ ಗುಡುಗು ಗುಡುಗು ಅಂದ್ರೆ ವಿಮಾನ ಹಾರೋದು ಯಾವಾಗ ಅಂತ ಗೊಣಗುತ್ತಾ ಸಾಹೇಬರು ರಬ್ಬರ್ ತಗೊಂಡು ಗುಡುಗನ್ನು ಉಜ್ಜಿ ಹಾಕಿದರು. ಉಳಿದದ್ದು ಬಿಸಿಲು, ಕೆಳಗೆ ಇವಳ ಸಹಿ. ಅವಳು ವಾಪಸ್ ಬಂದಾಗ ಮೇಜಿನ ಮೇಲೆ ರಬ್ಬರ್ ಪುಡಿ ಇತ್ತು, ಕಾಗದ ಆಗಲೇ ವಿಮಾನದವರ ಕೈ ಸೇರಿತ್ತು. ಮೂರೂವರೆಗೆ ಇಳಿಯುತ್ತಿದ್ದ ವಿಮಾನವನ್ನು ಗಾಳಿ ಎತ್ತಿ ಕೆಸರಿಗೆ ಎಸೆಯಿತು. ಹನ್ನೊಂದು ಜನರಿಗೆ ಪೆಟ್ಟಾಯಿತು. ವಿಚಾರಣೆಯಲ್ಲಿ ಸಾಹೇಬರು ಇವಳ ಮುಖ ನೋಡಿಕೊಂಡೇ, "ಸಹಿ ಅವರದೇ ಅಲ್ವಾ?" ಅಂದರು.

ಬಡ್ತಿ ಹೋಯಿತು, ಮರ್ಯಾದೆ ಹೋಯಿತು. ಇನ್ನು ಮೇಲೆ ಸಾಹೇಬರೂ ಓದಿ ಸಹಿ ಹಾಕಬೇಕು ಅಂತ ಒಂದು ನಿಯಮ ಬಂತು. ಸಹಿ ಹಾಕುತ್ತಿದ್ದರು. ಓದೋದು ಯಾರು?

"ಹೋಗ್ಲಿ ಬಿಡೇ, ದೇವರು ನೋಡ್ಕೋತಾನೆ," ಅನ್ನುತ್ತಿದ್ದರು ಅತ್ತೆ.

"ಅವನಿಗೆ ಬೇಕಾದಷ್ಟು ಕೆಲಸ ಇದೆ ಅತ್ತೆ. ಇದನ್ನ ನಾನೇ ನೋಡ್ಕೋತೀನಿ," ಅನ್ನುತ್ತಿದ್ದಳು ಇವಳು.

ಆ ದಿನ ಬಂತು. ಸಂಜೆ ಐದೂವರೆಗೆ ಮುಖ್ಯ ಕಚೇರಿಯಲ್ಲಿ ನಿರ್ದೇಶಕ ಹುದ್ದೆಗೆ ಸಾಹೇಬರ ಸಂದರ್ಶನ. ತಪ್ಪಿಸಿಕೊಂಡರೆ ಆ ಕುರ್ಚಿ ಬೇರೆಯವರದು. ಸಾಹೇಬರ ವಯಸ್ಸಿಗೆ ಇನ್ನೊಂದು ಅವಕಾಶವಿಲ್ಲ. ಮೂರು ಗಂಟೆಯ ವಿಮಾನಕ್ಕೆ ಟಿಕೆಟ್ ಆಗಿತ್ತು. 'ಮೂರಕ್ಕೇ ಗುಡುಗು' ಅಂತ ಬರೆದುಬಿಟ್ಟರೆ ವಿಮಾನ ನಿಲ್ಲುತ್ತದೆ. ಜಾಸ್ತಿ ಎಚ್ಚರಿಕೆ ಕೊಟ್ಟವರನ್ನು ಯಾರೂ ನೇಣಿಗೆ ಹಾಕುವುದಿಲ್ಲ. ಅವಳ ಕೈ ತುರಿಸುತ್ತಿತ್ತು, ಸುಳ್ಳು ಬರೆದುಬಿಡೋಣವೇ?

ರೇಡಾರ್ ನೋಡಿದಳು. ಮೋಡ ಗುಡ್ಡದ ಮೇಲೆ ಎರಡಕ್ಕೇ ಒಡೆಯುತ್ತದೆ, ನಿಲ್ದಾಣಕ್ಕೆ ಬರುವಾಗ ನಾಲ್ಕೂವರೆ. ವಿಮಾನ ಬಯಲ ಮೇಲಿಂದ ಹೋಗುತ್ತದೆ, ಏನೂ ಆಗದು. ಇದ್ದದ್ದನ್ನು ಇದ್ದ ಹಾಗೇ ಬರೆದಳು. ಮೊದಲ ಪುಟದಲ್ಲಿ ವಿಮಾನಕ್ಕೆ: 'ಮೂರಕ್ಕೆ ಆಕಾಶ ಶುಭ್ರ.' ಎರಡನೇ ಪುಟದಲ್ಲಿ ರಸ್ತೆಗೆ: 'ಗುಡ್ಡದ ದಾರಿಯಲ್ಲಿ ಎರಡರಿಂದ ಆಲಿಕಲ್ಲು, ಮರ ಬೀಳುವ ಸಂಭವ, ಪ್ರಯಾಣ ಬೇಡ.' ಒಂದಕ್ಷರ ಸುಳ್ಳಿಲ್ಲ.

ಹನ್ನೊಂದೂವರೆಗೆ ಸಾಹೇಬರ ಮೇಜಿನ ಮೇಲೆ ಕಾಗದ ಇಟ್ಟಳು. ಸಾಹೇಬರು ಎರಡೂ ಪುಟಕ್ಕೆ ಸಹಿ ಗೀಚಿ, ಮೊದಲ ಸಾಲು ಮಾತ್ರ ಓದಿ, ತಲೆ ಎತ್ತಿದರು.

ಆಗ ಅವಳು ಎರಡು ವರ್ಷದಲ್ಲಿ ಮೊದಲ ಸಲ ಅವರನ್ನು ನೋಡಿ ನಕ್ಕಳು. ಬಾಯ್ತುಂಬ ನಕ್ಕಳು.

"ಶುಭ್ರವಾಗಿದೆ ಸರ್. ನೆಮ್ಮದಿಯಾಗಿ ವಿಮಾನ ಹತ್ತಿ."

ಆ ನಗು ಕಂಡು ಸಾಹೇಬರಿಗೆ ಅನುಮಾನ ಹತ್ತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅದು. ತಾನು ಅವಳ ಜಾಗದಲ್ಲಿದ್ದಿದ್ದರೆ ಗುಡುಗನ್ನು ಮುಚ್ಚಿಟ್ಟು 'ಶುಭ್ರ' ಅಂತಲೇ ಬರೆಯುತ್ತಿದ್ದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೆರಡೂವರೆಗೆ ಟಿಕೆಟ್ ರದ್ದು ಮಾಡಿಸಿ, ಕಾರು ತರಿಸಿ, ಮುಖ್ಯ ಕಚೇರಿಗೆ ಹೋಗುವ ಗುಡ್ಡದ ದಾರಿ ಹಿಡಿದರು. ಅವಳು ಕಿಟಕಿಯಲ್ಲಿ ನಿಂತು ನೋಡಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು. ಸಾಯಲಿ ಅಂತ ಅವಳಿಗಿರಲಿಲ್ಲ. ಸತ್ತರೆ ಅವಮಾನ ಅನುಭವಿಸೋದು ಯಾರು?

ಮೂರಕ್ಕೆ ವಿಮಾನ ನುಣ್ಣಗೆ ಎದ್ದು ಹೋಯಿತು. ಮೂರೂಕಾಲಿಗೆ ಫೋನು ಬಂತು. ಸಾಹೇಬರ ದನಿಯ ಹಿಂದೆ ಕಾರಿನ ತಗಡಿಗೆ ಆಲಿಕಲ್ಲು ಬಡಿಯುತ್ತಿತ್ತು.

"ಮುಂದೆ ಮರ, ಹಿಂದೆ ಮರ. ಗಾಜು ಹೋಯ್ತು. ವಿಮಾನ... ವಿಮಾನ ಹೋಯ್ತಾ?"

"ಸರಿಯಾದ ಹೊತ್ತಿಗೆ ಹೋಯ್ತು ಸರ್. ಶುಭ್ರವಾಗಿತ್ತು, ಹೇಳಿದ್ನಲ್ಲ."

"ಗುಡ್ಡದಲ್ಲಿ ಹೀಗಿರುತ್ತೆ ಅಂತ ನಿಂಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

ಗುಡ್ಡದಲ್ಲಿ ಸಿಕ್ಕಿಕೊಂಡವರ ನೆರವಿಗೆ ಹೋಗಿ ಅಂತ ರಸ್ತೆ ಇಲಾಖೆಯವರಿಗೆ ಅವಳು ಆಗಲೇ ಫೋನು ಮಾಡಿದ್ದಳು. ದಾರಿ ಬಿಡಿಸುವಷ್ಟರಲ್ಲಿ ಸಂಜೆ ಏಳಾಗುತ್ತದೆ ಅಂದಿದ್ದರು. ಅದನ್ನು ಆಮೇಲೆ ಹೇಳಿದರಾಯಿತು. ಕಾಗದವನ್ನು ಎಳೆದುಕೊಂಡು, ಎರಡನೇ ಪುಟ ತಿರುಗಿಸಿ, ಇಂಕಿನ ಮೇಲೆ ಬೆರಳಿಟ್ಟಳು.

"ಬರೆದಿದ್ದೀನಿ ಸರ್, ಎರಡನೇ ಪುಟದಲ್ಲಿ. ಕೆಳಗೆ ಸಹಿ ನಿಮ್ಮದೇ ಅಲ್ವಾ?"