ಹದಿನೇಳನೇ ಕಲಮು

ವ್ಯವಹಾರ ಕಾನೂನಿನ ಸ್ನಾತಕೋತ್ತರ ತರಗತಿ ಸೇರಿದ ದಿನದಿಂದ ಮನೆಯಲ್ಲಿ ಅವಳು ಲಾಯರಮ್ಮ. ಹೆಸರಿಟ್ಟವನು ಚಿಕ್ಕಪ್ಪ. ಅಪ್ಪನೂ ಅವನೂ ಇಪ್ಪತ್ತು ವರ್ಷದಿಂದ ಒಂದೇ ಮೇಜಿಗೆ ಎದುರುಬದುರು ಕೂತು, ಒಂದೇ ದೀಪದಡಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಕೈಗಿಂತ ಬಾಯಿಗೇ ಕೆಲಸ ಜಾಸ್ತಿ. ಅಂಗಡಿ ಇಬ್ಬರದೂ ಎನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ನಿಜವಾದ ವ್ಯಾಪಾರವೊಂದಕ್ಕೆ ಪಾಲುದಾರಿಕೆ ಪತ್ರ ಬರೆದು, ಸಹಿ ಹಾಕಿಸಿ, ಒಂದು ತಿಂಗಳು ನಡೆಸಿ ತನ್ನಿ ಎಂದಿದ್ದರು ಮೇಷ್ಟ್ರು. ಲಾಯರಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಗ್ರಂಥಾಲಯದ ಹಳೆಯ ಮಾದರಿಯೊಂದನ್ನು ಎದುರಿಗಿಟ್ಟುಕೊಂಡು ಇಪ್ಪತ್ತು ಕಲಮು ಹೊಸೆದಳು. ಅಣ್ಣತಮ್ಮ ಇಬ್ಬರೂ ಓದದೆಯೇ ಸಹಿ ಜಡಿದರು.

ಪಾಲುದಾರರು ಪರಸ್ಪರ ತಿಳಿಸುವುದೆಲ್ಲ ಬರವಣಿಗೆಯಲ್ಲೇ ಇರತಕ್ಕದ್ದು ಎಂದಿತ್ತು ಒಂಬತ್ತನೇ ಕಲಮು. ಮೊದಲ ದಿನ ಚಿಕ್ಕಪ್ಪ ತಮಾಷೆಗೆ ಚೀಟಿ ಬರೆದ: "ಚಿಕ್ಕ ಚಿಮಟವನ್ನು ಈ ಕಡೆ ರವಾನಿಸತಕ್ಕದ್ದು." ಅಪ್ಪ ಉತ್ತರಿಸಿದ: "ಕೋರಿಕೆ ಪರಿಶೀಲನೆಯಲ್ಲಿದೆ." ಲಾಯರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು ಎರಡನ್ನೂ ಫೈಲಿಗೆ ಸೇರಿಸಿದಳು.

ಆದರೆ ಮೊದಲು ಗೊಣಗಿ ಮರೆತುಬಿಡುತ್ತಿದ್ದ ಮಾತುಗಳೆಲ್ಲ ಈಗ ತಾರೀಖು ಸಮೇತ ಉಳಿದುಕೊಂಡವು. "ನಿನ್ನೆ ಹನ್ನೊಂದು ಗಂಟೆಗೆ ಬಂದಿರುತ್ತೀರಿ. ಕಾರಣ ತಿಳಿಸಿ." ಚಿಕ್ಕಪ್ಪನ ಈ ಚೀಟಿಗೆ ಅಪ್ಪ ಉತ್ತರ ಬರೆಯಲೇ ಇಲ್ಲ. ಮೂರನೇ ವಾರಕ್ಕೆ ಮನೆಯ ಊಟದ ಮೇಜಿನಲ್ಲೂ ಮಾತು ನಿಂತಿತು. ನಾಲ್ಕನೇ ವಾರ ಚಿಕ್ಕಪ್ಪ ಪಾಲುದಾರಿಕೆ ಮುರಿಯುವ ನೋಟಿಸನ್ನೇ ಕೊಟ್ಟ.

ಲಾಯರಮ್ಮ, ಚೆನ್ನಾಗಿದ್ದ ಅಂಗಡಿಗೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಅಳುತ್ತಾ ಓಡಿಹೋಗಿ ಅಜ್ಜಿಯನ್ನು ಅಂಗಡಿಗೆ ಕರೆತಂದಳು.

"ಜಗಳ ಬಂದ್ರೆ ಯಾರು ಬಗೆಹರಿಸ್ಬೇಕು ಅಂತ ಪತ್ರದಲ್ಲೇ ಇರುತ್ತಲ್ಲ, ಓದು," ಎಂದರು ಅಜ್ಜಿ ದೊಡ್ಡ ಮಗನಿಗೆ.

ಅಪ್ಪ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಹದಿನೇಳನೇ ಕಲಮು ಓದಿದ. "ವಿವಾದ ಎದ್ದಲ್ಲಿ ಹಡಗಿನ ಕ್ಯಾಪ್ಟನ್ನರ ತೀರ್ಮಾನವೇ ಅಂತಿಮ."

ಮಾದರಿ ಪತ್ರ ಹಡಗು ಕಂಪನಿಯೊಂದರದು. ನಕಲು ಮಾಡುವ ಭರದಲ್ಲಿ ಲಾಯರಮ್ಮ ಅದನ್ನು ಹಾಗೇ ಇಳಿಸಿಬಿಟ್ಟಿದ್ದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ನಗು ಒತ್ತಿಹಿಡಿದ ಚಿಕ್ಕಪ್ಪನ ಮೀಸೆ ಅದುರತೊಡಗಿತು.

"ಕ್ಯಾಪ್ಟನ್ ಅಂದ್ರೆ ಎಲ್ಲರಿಗಿಂತ ದೊಡ್ಡೋರು ತಾನೆ?" ಅಜ್ಜಿ ಕುರ್ಚಿ ಎಳೆದು ಕೂತರು. "ಹಾಗಾದ್ರೆ ನಾನೇ. ಬರೆದ ಚೀಟಿಗಳನ್ನೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಗಟ್ಟಿಯಾಗಿ ಓದಿ. ನನ್ನ ಕನ್ನಡಕ ಸಿಗ್ತಿಲ್ಲ."

ಕನ್ನಡಕ ಅವರ ತಲೆಯ ಮೇಲೇ ಇತ್ತು. ಯಾರೂ ಹೇಳಲಿಲ್ಲ.

ಚಿಮಟದ ಚೀಟಿಗೇ ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ಕಾರಣ ತಿಳಿಸಿ" ಎಂಬಲ್ಲಿಗೆ ಬಂದಾಗ ಮಾತ್ರ ಅಪ್ಪ ತಲೆ ತಗ್ಗಿಸಿದ.

"ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ ಕಣೋ. ಪೊರೆ ಬರ್ತಿದೆಯಂತೆ."

"ಬಾಯ್ಬಿಟ್ಟು ಹೇಳೋಕೇನಾಗಿತ್ತು?"

"ಬರೆದು ಕೊಡಬೇಕಿತ್ತಲ್ಲ. ಅದನ್ನ ಹೇಗೋ ಬರೀಲಿ?"

ಚಿಕ್ಕಪ್ಪ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಮೇಜಿನ ಕಾಲಿನಡಿ ಇಟ್ಟ. ಆಮೇಲೆ ದೀಪವನ್ನು ಅಣ್ಣನ ಕಡೆಗೆ ತಳ್ಳಿದ.

ಲಾಯರಮ್ಮ ತಪ್ಪು ತಿದ್ದಲು ಪೆನ್ನು ತೆಗೆದಳು.

"ಒಂಬತ್ತನ್ನ ಹೊಡೆದುಹಾಕು," ಎಂದ ಅಪ್ಪ.

"ಹದಿನೇಳನ್ನ ಮುಟ್ಟಿದ್ರೆ ನೋಡು," ಎಂದ ಚಿಕ್ಕಪ್ಪ.

ಅವಳು ಹಾಗೇ ಒಪ್ಪಿಸಿದಳು. ಮೇಷ್ಟ್ರು ಹದಿನೇಳಕ್ಕೆ ಕೆಂಪು ಸುತ್ತು ಹಾಕಿ, ಹತ್ತು ಅಂಕ ಕಳೆದು, "ಹಡಗೆಲ್ಲಿ?" ಎಂದು ಬರೆದಿದ್ದರು. ಅಜ್ಜಿ ತಲೆಯ ಮೇಲಿನ ಕನ್ನಡಕ ಇಳಿಸಿ ಅದನ್ನು ಎರಡು ಸಲ ಓದಿದರು.

"ನಾಳೆ ಅಂಗಡಿಗೆ ಬರೋಕೆ ಹೇಳು ಅವರಿಗೆ," ಎಂದರು. "ಕ್ಯಾಪ್ಟನ್ ಕರೀತಿದ್ದಾರೆ ಅನ್ನು."